ಒಂದೇ ಕುರ್ಚಿ, ಎರಡು ಸಲ: ಅಲ್ಮಾಜ್‌ಬೆಕ್ ಅತಂಬಾಯೆವ್ ಮತ್ತು ಕಿರ್ಗಿಸ್ತಾನದ ಪ್ರಧಾನಿ ಹುದ್ದೆಯ ಕಥೆ

2010ರ ಡಿಸೆಂಬರ್ 2ರಂದು ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ನ ಸಂಸತ್ತಿನಲ್ಲಿ ಸ್ಪೀಕರ್ ಆಯ್ಕೆಗೆ ಗುಪ್ತ ಮತದಾನ ನಡೆಯಿತು. ಆಗಷ್ಟೇ ಕೈಜೋಡಿಸಿದ್ದ ಮೂರು ಪಕ್ಷಗಳಲ್ಲಿ ಒಟ್ಟು 67 ಸದಸ್ಯರಿದ್ದರು, ಗೆಲ್ಲಲು 61 ಸಾಕಿತ್ತು. ಮತಗಳನ್ನು ಎಣಿಸಿದಾಗ ಅವರ ಅಭ್ಯರ್ಥಿ ಒಮುರ್‌ಬೆಕ್ ತೆಕೆಬಾಯೆವ್ ಅವರಿಗೆ ಸಿಕ್ಕಿದ್ದು 58. ಅಂದರೆ ಒಪ್ಪಂದಕ್ಕೆ ಸಹಿ ಬಿದ್ದು ಎರಡು ದಿನ ಕಳೆಯುವಷ್ಟರಲ್ಲಿ ಕನಿಷ್ಠ ಒಂಬತ್ತು ಮಂದಿ ಒಳಗಿನವರೇ ಕೈಕೊಟ್ಟಿದ್ದರು. ಸಂಸತ್ತಿಗೆ ಹಿಂದೆಂದೂ ಇಲ್ಲದಷ್ಟು ಅಧಿಕಾರ ಕೊಟ್ಟ ಹೊಸ ಸಂವಿಧಾನದ ಕರಡು ಬರೆದವರಲ್ಲಿ ಇದೇ ತೆಕೆಬಾಯೆವ್ ಮುಖ್ಯರು. ಆ ಸಂವಿಧಾನದ ಮೊದಲ ಪರೀಕ್ಷೆಯಲ್ಲೇ ಅವರು ಬಿದ್ದರು.

ಎರಡು ವಾರಗಳ ಬಳಿಕ, ಡಿಸೆಂಬರ್ 17ರಂದು, ಬೇರೊಂದು ಮೈತ್ರಿಕೂಟದ ಬೆಂಬಲದಿಂದ ಅಲ್ಮಾಜ್‌ಬೆಕ್ ಅತಂಬಾಯೆವ್ ಪ್ರಧಾನಿಯಾದರು. ಆ ಕುರ್ಚಿ ಅವರಿಗೆ ಹೊಸತಲ್ಲ. 2007ರಲ್ಲಿ ಎಂಟು ತಿಂಗಳು ಅದರಲ್ಲಿ ಕೂತು ಎದ್ದಿದ್ದರು. ಮುಂದೆ ಅವರು ಅಧ್ಯಕ್ಷರಾದರು, ಆರು ವರ್ಷ ಆಳಿದರು, ತಮ್ಮ ಉತ್ತರಾಧಿಕಾರಿಯನ್ನು ತಾವೇ ಆರಿಸಿದರು, ಎರಡು ವರ್ಷ ಕಳೆಯುವ ಮೊದಲೇ ಆ ಉತ್ತರಾಧಿಕಾರಿಯ ಆಡಳಿತದಲ್ಲಿ ಜೈಲು ಸೇರಿದರು.

ಕನ್ನಡದ ಮನೆಗಳಲ್ಲಿ ಕಿರ್ಗಿಸ್ತಾನದ ಹೆಸರು ಕೇಳಿಬರುವುದು ಹೆಚ್ಚಾಗಿ ಎಂಬಿಬಿಎಸ್ ಸೀಟಿನ ಮಾತು ಬಂದಾಗ. ಬಿಷ್ಕೆಕ್‌ನಲ್ಲಿ ಗಲಾಟೆ ಎಂದು ಸುದ್ದಿ ಬಂದ ಕೂಡಲೇ ಇಲ್ಲಿನ ತಂದೆ ತಾಯಂದಿರು ಗಾಬರಿಯಾಗುವುದೂ ಅದಕ್ಕೇ. ಆದರೆ ಸುಮಾರು 70 ಲಕ್ಷ ಜನರ ಆ ದೇಶದಲ್ಲಿ 2005, 2010, 2020 ಹೀಗೆ ಮೂರು ಸಲ ಬೀದಿಯ ಜನ ಅಧ್ಯಕ್ಷರನ್ನು ಇಳಿಸಿದ್ದು ಏಕೆ, ಪ್ರಧಾನಿಗಳು ವರ್ಷಕ್ಕೊಬ್ಬರಂತೆ ಬದಲಾದದ್ದು ಏಕೆ ಎಂಬುದು ಸುದ್ದಿಯ ತುಣುಕುಗಳಿಂದ ತಿಳಿಯುವುದಿಲ್ಲ. ಅತಂಬಾಯೆವ್ ಅವರ ರಾಜಕೀಯ ಜೀವನವನ್ನು ಹಿಡಿದು ಹೊರಟರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಲ್ಲಿ ಪ್ರಧಾನಿಯ ಬಲವನ್ನು ಎರಡೇ ಪ್ರಶ್ನೆಗಳಿಂದ ಅಳೆಯಬಹುದಿತ್ತು: ಸರ್ಕಾರ ಕಟ್ಟುವ ಆಹ್ವಾನ ಯಾರ ಕೈಯಿಂದ ಬರುತ್ತಿತ್ತು, ಮತ್ತು ದೇಶದ ಗುಪ್ತಚರ ಸಂಸ್ಥೆಯಾದ ಭದ್ರತಾ ಸಮಿತಿ ಯಾರ ಮಾತು ಕೇಳುತ್ತಿತ್ತು.

ಕಾರ್ಖಾನೆಯಿಂದ ಪಕ್ಷಕ್ಕೆ

ಅತಂಬಾಯೆವ್ ಹುಟ್ಟಿದ್ದು 1956ರ ಸೆಪ್ಟೆಂಬರ್ 17ರಂದು, ದೇಶದ ಉತ್ತರದ ಚುಯ್ ಪ್ರಾಂತದ ಅರಾಶಾನ್ ಹಳ್ಳಿಯಲ್ಲಿ. ಮಾಸ್ಕೋದ ಮ್ಯಾನೇಜ್‌ಮೆಂಟ್ ಸಂಸ್ಥೆಯಲ್ಲಿ ಓದಿ ಎಂಜಿನಿಯರ್-ಅರ್ಥಶಾಸ್ತ್ರಜ್ಞರಾದರು. ಸೋವಿಯತ್ ಕಾಲದ ಕೊನೆಯಲ್ಲಿ ಸರ್ಕಾರಿ ನೌಕರಿ ಬಿಟ್ಟು 'ಫೋರಂ' ಎಂಬ ಸ್ವಂತ ಕಂಪನಿ ತೆರೆದರು. ದೇಶ ಸ್ವತಂತ್ರವಾದ ಮೇಲೆ ಹಳೆಯ ಸರ್ಕಾರಿ ಕಾರ್ಖಾನೆಗಳು ಖಾಸಗಿಯವರ ಪಾಲಾದ ಕಾಲದಲ್ಲಿ ಉದ್ಯಮಿಯಾಗಿ ಬೆಳೆದರು. 1993ರಲ್ಲಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಕಟ್ಟಿದವರಲ್ಲಿ ಒಬ್ಬರಾದ ಅವರು ಕೆಲವೇ ವರ್ಷಗಳಲ್ಲಿ ಅದರ ಮುಖ್ಯಸ್ಥರೂ ಆದರು.

ದುಡ್ಡು ಮತ್ತು ಪಕ್ಷ, ಇವೆರಡೂ ಒಬ್ಬರ ಕೈಯಲ್ಲೇ ಇದ್ದುದು ಗಮನಿಸಬೇಕಾದ ಅಂಶ. ಕಿರ್ಗಿಸ್ತಾನದಲ್ಲಿ ಪಕ್ಷ ಎಂದರೆ ಸಿದ್ಧಾಂತಕ್ಕಿಂತ ಹೆಚ್ಚಾಗಿ ನಾಯಕ, ಅವನ ಊರು, ಅವನ ನೆಂಟರಿಷ್ಟರು, ಅವನ ಖರ್ಚು. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಅಂದಿನ ಅಧ್ಯಕ್ಷ ಅಸ್ಕರ್ ಅಕಾಯೆವ್ ವಿರುದ್ಧ ನಿಂತು ಅತಂಬಾಯೆವ್ ಪಡೆದದ್ದು ಶೇ. 6ರಷ್ಟು ಮತ. ಸೋತರೂ ಅವರ ಹೆಸರು ದೇಶದ ಮಟ್ಟದಲ್ಲಿ ಓಡಾಡತೊಡಗಿತು.

ಕಿರ್ಗಿಸ್ ರಾಜಕೀಯದಲ್ಲಿ ಉತ್ತರ-ದಕ್ಷಿಣದ ಲೆಕ್ಕವೊಂದು ಸದಾ ಇರುತ್ತದೆ. ಬಿಷ್ಕೆಕ್, ಚುಯ್, ತಲಾಸ್, ನರಿನ್, ಇಸಿಕ್-ಕುಲ್ ಉತ್ತರಕ್ಕೆ ಸೇರಿದವು. ಒಷ್, ಜಲಾಲಾಬಾದ್, ಬತ್ಕೆನ್ ದಕ್ಷಿಣಕ್ಕೆ. ನಡುವೆ ಎತ್ತರದ ಪರ್ವತಗಳು. 2005ರ ಮಾರ್ಚ್‌ನಲ್ಲಿ ಅಕಾಯೆವ್ ಓಡಿಹೋದಾಗ ದಕ್ಷಿಣದ ಕುರ್ಮಾನ್‌ಬೆಕ್ ಬಕಿಯೆವ್ ಅಧ್ಯಕ್ಷರಾದರು, ಉತ್ತರದ ಫೆಲಿಕ್ಸ್ ಕುಲೊವ್ ಪ್ರಧಾನಿಯಾದರು. ಪತ್ರಿಕೆಗಳು ಇದನ್ನು 'ಟ್ಯಾಂಡೆಮ್' ಎಂದು ಕರೆದವು, ಇಬ್ಬರು ತುಳಿಯುವ ಸೈಕಲ್ಲಿನ ಹೆಸರು. ಅತಂಬಾಯೆವ್ ಆ ಸರ್ಕಾರದಲ್ಲಿ ಕೈಗಾರಿಕೆ, ವ್ಯಾಪಾರ, ಪ್ರವಾಸೋದ್ಯಮ ಸಚಿವರಾಗಿ ಕೆಲವೇ ತಿಂಗಳು ಇದ್ದು 2006ರ ಏಪ್ರಿಲ್‌ನಲ್ಲಿ ಹೊರಬಂದರು.

ಮೊದಲ ಸಲ: ಕರೆದವರು ಅಧ್ಯಕ್ಷರು

2006ರ ನವೆಂಬರ್‌ನಲ್ಲಿ 'ಸುಧಾರಣೆಗಾಗಿ' ಎಂಬ ಚಳವಳಿ ಒಂದು ವಾರ ಬಿಷ್ಕೆಕ್‌ನ ಚೌಕದಲ್ಲಿ ಡೇರೆ ಹಾಕಿ ಕೂತಿತು. ಅತಂಬಾಯೆವ್ ಅದರ ಮುಂದಾಳುಗಳಲ್ಲಿ ಒಬ್ಬರು. ಬಕಿಯೆವ್ ಬಗ್ಗಿದರು, ನವೆಂಬರ್ 9ರಂದು ಸಂಸತ್ತಿನ ಅಧಿಕಾರ ಹೆಚ್ಚಿಸುವ ಸಂವಿಧಾನಕ್ಕೆ ಸಹಿ ಬಿತ್ತು. ಆದರೆ ಡೇರೆ ಕಿತ್ತು ಎರಡು ತಿಂಗಳಾಗುವ ಮೊದಲೇ, ಸಂಸತ್ತು ವಿಸರ್ಜನೆಯಾದೀತು ಎಂಬ ಭಯದ ನಡುವೆ, ಡಿಸೆಂಬರ್ 30ರಂದು ಅದೇ ಸದಸ್ಯರು ಆ ಅಧಿಕಾರಗಳಲ್ಲಿ ಹೆಚ್ಚಿನವನ್ನು ಅಧ್ಯಕ್ಷರಿಗೆ ಮರಳಿಸಿದರು. ಇದರ ನಡುವೆ ಕುಲೊವ್ ರಾಜೀನಾಮೆ ಕೊಟ್ಟಿದ್ದರು. ಅವರನ್ನು ಮತ್ತೆ ಪ್ರಧಾನಿ ಮಾಡಲು ಸಂಸತ್ತು ಎರಡು ಸಲ ಒಪ್ಪಲಿಲ್ಲ. ಬದಲಿಗೆ ಬಂದ ಅಜಿಮ್ ಇಸಾಬೆಕೊವ್ ಎರಡೇ ತಿಂಗಳಿಗೆ ನಿರ್ಗಮಿಸಿದರು.

ಕುಲೊವ್ ಈಗ ವಿರೋಧ ಪಕ್ಷದ ಕಡೆ. ಏಪ್ರಿಲ್‌ನಲ್ಲಿ ದೊಡ್ಡ ಪ್ರತಿಭಟನೆ ನಡೆಸುವುದಾಗಿ ಹೇಳಿದ್ದರು. ಉತ್ತರದ ಒಬ್ಬ ನಾಯಕ ಎದುರು ನಿಂತಾಗ ಉತ್ತರದ ಇನ್ನೊಬ್ಬ ನಾಯಕ ಬಕಿಯೆವ್ ಅವರಿಗೆ ಬೇಕಾಗಿತ್ತು. 2007ರ ಮಾರ್ಚ್ ಕೊನೆಯಲ್ಲಿ ಅವರು ಅತಂಬಾಯೆವ್ ಅವರನ್ನು ಕರೆದರು. 75 ಸದಸ್ಯರ ಸಂಸತ್ತಿನಲ್ಲಿ 48 ಮಂದಿ ಒಪ್ಪಿಗೆ ಕೊಟ್ಟರು. ಚೌಕದಲ್ಲಿ ಜೊತೆಗೆ ಕೂತಿದ್ದ ಗೆಳೆಯರಲ್ಲಿ ಹಲವರು ಇದನ್ನು ದ್ರೋಹ ಎಂದರು. ಒಳಗಿನಿಂದಲೇ ಸುಧಾರಣೆ ತರಬಹುದು ಎಂಬುದು ಅತಂಬಾಯೆವ್ ವಾದ. ಏಪ್ರಿಲ್ 19ರಂದು ಕುಲೊವ್ ಅವರ ಪ್ರತಿಭಟನೆಯನ್ನು ಪೊಲೀಸರು ಚದುರಿಸಿದಾಗ ಪ್ರಧಾನಿಯ ಕುರ್ಚಿಯಲ್ಲಿದ್ದವರು ಹಿಂದಿನ ಪ್ರತಿಭಟನೆಯ ನಾಯಕ.

ಆಗಿನ ನಿಯಮದಲ್ಲಿ ಪ್ರಧಾನಿಯ ಹೆಸರು ಸೂಚಿಸುವವರು ಅಧ್ಯಕ್ಷರು, ಸಚಿವರ ನೇಮಕದಲ್ಲಿ ಕೊನೆಯ ಮಾತು ಅಧ್ಯಕ್ಷರದು, ಕಿತ್ತುಹಾಕುವ ಹಕ್ಕೂ ಅಧ್ಯಕ್ಷರದೇ. ಪ್ರಧಾನಿಗೆ ಉಳಿಯುತ್ತಿದ್ದುದು ಬಜೆಟ್, ಬೆಲೆ, ಚಳಿಗಾಲದ ಕಲ್ಲಿದ್ದಲು, ವಿದ್ಯುತ್ತು. ಸಿಕ್ಕರೆ ಹೆಸರು ಅಧ್ಯಕ್ಷರಿಗೆ, ತಪ್ಪಿದರೆ ಬೈಗುಳ ಪ್ರಧಾನಿಗೆ. ಮೇ ತಿಂಗಳಲ್ಲಿ ಒಂದು ಲೋಟ ನೀರು ಕುಡಿದ ಮೇಲೆ ತಮಗೆ ವಿಷಪ್ರಾಶನವಾಯಿತು ಎಂದು ಅತಂಬಾಯೆವ್ ಹೇಳಿಕೊಂಡರು, ಚಿಕಿತ್ಸೆಯನ್ನೂ ಪಡೆದರು. ಸ್ವಂತ ಸರ್ಕಾರದಲ್ಲೇ ಪ್ರಧಾನಿಗೆ ಎಷ್ಟು ನೆಮ್ಮದಿ ಇತ್ತು ಎಂಬುದಕ್ಕೆ ಈ ಆರೋಪವೇ ಸಾಕ್ಷಿ.

ಸೆಪ್ಟೆಂಬರ್‌ನಲ್ಲಿ ಸಂವಿಧಾನ ನ್ಯಾಯಾಲಯ 2006ರ ಎರಡೂ ತಿದ್ದುಪಡಿಗಳನ್ನು ರದ್ದು ಮಾಡಿತು. ಬಕಿಯೆವ್ ತಡಮಾಡಲಿಲ್ಲ. ತಮ್ಮದೇ ಕರಡನ್ನು ಅಕ್ಟೋಬರ್ 21ರ ಜನಮತಗಣನೆಗೆ ಹಾಕಿ ಗೆಲ್ಲಿಸಿಕೊಂಡರು, ಮರುದಿನವೇ ಸಂಸತ್ತನ್ನು ವಿಸರ್ಜಿಸಿದರು. ಚುನಾವಣೆ ಡಿಸೆಂಬರ್ 16ಕ್ಕೆ ನಿಗದಿಯಾಯಿತು. ಈಗ ಪ್ರಧಾನಿಯ ಪಕ್ಷವೂ ಅಧ್ಯಕ್ಷರ ಹೊಸ ಪಕ್ಷ 'ಅಕ್ ಜೋಲ್' ಕೂಡ ಎದುರುಬದುರು. ನವೆಂಬರ್ 28ರಂದು ಅತಂಬಾಯೆವ್ ಹುದ್ದೆ ಬಿಟ್ಟರು. ಹೊಸ ಸಂಸತ್ತಿನ 90 ಸ್ಥಾನಗಳಲ್ಲಿ ಅಕ್ ಜೋಲ್‌ಗೆ 71, ಅತಂಬಾಯೆವ್ ಪಕ್ಷಕ್ಕೆ 11, ಕಮ್ಯುನಿಸ್ಟರಿಗೆ 8. ಕುಲೊವ್ ವಿರುದ್ಧ ಗುರಾಣಿಯಾಗಿ ಬೇಕಿದ್ದ ಪ್ರಧಾನಿಯ ಕೆಲಸ ಮುಗಿದಿತ್ತು.

2009ರ ಜುಲೈನಲ್ಲಿ ಬಕಿಯೆವ್ ವಿರುದ್ಧ ವಿರೋಧ ಪಕ್ಷಗಳ ಒಮ್ಮತದ ಅಭ್ಯರ್ಥಿಯಾಗಿ ಅತಂಬಾಯೆವ್ ನಿಂತರು. ಮತದಾನ ನಡೆಯುತ್ತಿರುವಾಗಲೇ ಅಕ್ರಮದ ಆರೋಪ ಹೊರಿಸಿ ಕಣದಿಂದ ಹಿಂದೆ ಸರಿದರು. ಅವರ ಲೆಕ್ಕಕ್ಕೆ ಬಿದ್ದದ್ದು ಶೇ. 8ರ ಆಸುಪಾಸು.

ನಡುವಿನ ಬೆಂಕಿ

2010ರ ಏಪ್ರಿಲ್ 6ರಂದು ತಲಾಸ್‌ನಲ್ಲಿ ಪ್ರತಿಭಟನೆ ಶುರುವಾಯಿತು. ಅಂದು ರಾತ್ರಿ ಅತಂಬಾಯೆವ್ ಮತ್ತಿತರ ನಾಯಕರನ್ನು ಬಂಧಿಸಲಾಯಿತು. ನಾಯಕರನ್ನು ಒಳಗೆ ಹಾಕಿದರೆ ಜನ ಸುಮ್ಮನಾಗುತ್ತಾರೆ ಎಂಬ ಎಣಿಕೆ ತಲೆಕೆಳಗಾಯಿತು. ಮರುದಿನ ಬಿಷ್ಕೆಕ್‌ನ ಅಧ್ಯಕ್ಷ ಭವನದ ಎದುರು ಗುಂಡಿನ ದಾಳಿಯಲ್ಲಿ 80ಕ್ಕೂ ಹೆಚ್ಚು ಮಂದಿ ಸತ್ತರು. ಬಕಿಯೆವ್ ದಕ್ಷಿಣಕ್ಕೆ, ಅಲ್ಲಿಂದ ಕಜಕಸ್ತಾನಕ್ಕೆ, ಕೊನೆಗೆ ಬೆಲಾರೂಸಿಗೆ ಹೋದರು. ರೋಜಾ ಒತುನ್‌ಬಾಯೆವಾ ನೇತೃತ್ವದ ಹಂಗಾಮಿ ಸರ್ಕಾರದಲ್ಲಿ ಅತಂಬಾಯೆವ್ ಮೊದಲ ಉಪ ಮುಖ್ಯಸ್ಥರಾದರು. ಜೂನ್‌ನಲ್ಲಿ ಒಷ್ ಮತ್ತು ಜಲಾಲಾಬಾದ್‌ಗಳಲ್ಲಿ ಕಿರ್ಗಿಸ್-ಉಜ್ಬೆಕ್ ಹಿಂಸಾಚಾರ ನಡೆದು 400ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಆ ರಕ್ತ ಆರುವ ಮೊದಲೇ, ಜೂನ್ 27ರಂದು, ಹೊಸ ಸಂವಿಧಾನಕ್ಕೆ ಜನಮತಗಣನೆ ನಡೆದು ಒಪ್ಪಿಗೆ ಸಿಕ್ಕಿತು.

ಎರಡನೇ ಸಲ: ಕೂಡಿಸು-ಕಳೆ ಲೆಕ್ಕ

ಈ ಸಂವಿಧಾನದ ಯಂತ್ರವನ್ನು ಸ್ವಲ್ಪ ಬಿಚ್ಚಿ ನೋಡಬೇಕು. ಮುಂದಿನ ಹತ್ತು ವರ್ಷದ ಗೋಜಲೆಲ್ಲ ಅದರಲ್ಲೇ ಇದೆ.

ಸಂಸತ್ತಿಗೆ, ಕಿರ್ಗಿಸ್ ಭಾಷೆಯಲ್ಲಿ 'ಜೊಗೊರ್ಕು ಕೆನೆಶ್', 120 ಸ್ಥಾನ. ಎಲ್ಲವೂ ಪಕ್ಷಗಳ ಪಟ್ಟಿಯಿಂದ. ಯಾವ ಪಕ್ಷ ಎಷ್ಟೇ ಮತ ಗಳಿಸಲಿ, 65ಕ್ಕಿಂತ ಹೆಚ್ಚು ಸ್ಥಾನ ಅದಕ್ಕೆ ಇಲ್ಲ; ಅಕ್ ಜೋಲ್ ಮಾದರಿಯ ಏಕಪಕ್ಷದ ಹಿಡಿತ ಮತ್ತೆ ಬರಬಾರದು ಎಂಬುದು ಇದರ ಉದ್ದೇಶ. ಪಟ್ಟಿ ಒಳಬರಬೇಕಾದರೆ ಬಿದ್ದ ಮತಗಳಲ್ಲಿ ಅಲ್ಲ, ದೇಶದ ನೋಂದಾಯಿತ ಮತದಾರರಲ್ಲಿ ಶೇ. 5 ಸಿಗಬೇಕಿತ್ತು. ಜೊತೆಗೆ ಪ್ರತಿ ಪ್ರಾಂತದಲ್ಲೂ, ಬಿಷ್ಕೆಕ್ ಮತ್ತು ಒಷ್ ನಗರಗಳಲ್ಲೂ ಶೇ. 0.5. ಉತ್ತರದ ಪಕ್ಷ ದಕ್ಷಿಣದಲ್ಲೂ ಮತ ಕೇಳಲಿ ಎಂದು ಇಟ್ಟ ಷರತ್ತು ಅದು. ಅಧ್ಯಕ್ಷರಿಗೆ ಆರು ವರ್ಷದ ಒಂದೇ ಅವಧಿ. ಸಂಸತ್ತಿನ ಬಜೆಟ್ ಸಮಿತಿ ಮತ್ತು ಕಾನೂನು-ಸುವ್ಯವಸ್ಥೆ ಸಮಿತಿಗಳ ಅಧ್ಯಕ್ಷತೆ ವಿರೋಧ ಪಕ್ಷಕ್ಕೆ.

ಸರ್ಕಾರ ಹುಟ್ಟುವ ಕ್ರಮ ಹೀಗೆ. ಒಂದೇ ಪಕ್ಷಕ್ಕೆ ಬಹುಮತ ಇದ್ದರೆ ಅದೇ ಪ್ರಧಾನಿಯನ್ನು ಸೂಚಿಸುತ್ತದೆ. ಇಲ್ಲವಾದರೆ ಅಧ್ಯಕ್ಷರು ಒಂದು ಬಣಕ್ಕೆ ಮೈತ್ರಿ ಕಟ್ಟಲು ಗಡುವು ಹಾಕಿ ಆಹ್ವಾನ ಕೊಡುತ್ತಾರೆ. ಅದು ಸೋತರೆ ಎರಡನೇ ಬಣಕ್ಕೆ ಆಹ್ವಾನ. ಅದೂ ಸೋತರೆ ಸಂಸತ್ತು ತಾನೇ ಪ್ರಯತ್ನಿಸಬೇಕು. ಅಲ್ಲಿಯೂ ಆಗದಿದ್ದರೆ ಮತ್ತೆ ಚುನಾವಣೆ. ಯಾವ ಬಣವನ್ನು ಮೊದಲು ಕರೆಯಬೇಕು ಎಂಬುದು ಅಧ್ಯಕ್ಷರ ವಿವೇಚನೆ. ಅತಿದೊಡ್ಡ ಪಕ್ಷವನ್ನೇ ಮೊದಲು ಕರೆಯಬೇಕೆಂಬ ಕಟ್ಟಳೆ ಇಲ್ಲ. ನಮ್ಮಲ್ಲಿ ಅತಂತ್ರ ವಿಧಾನಸಭೆ ಬಂದಾಗ ರಾಜಭವನದ ಬಾಗಿಲು ಯಾರಿಗೆ ಮೊದಲು ತೆರೆಯುತ್ತದೆ ಎಂಬ ಜಗಳ ನೋಡಿದವರಿಗೆ ಇದರ ಬೆಲೆ ಗೊತ್ತು.

ಅಕ್ಟೋಬರ್ 10ರ ಚುನಾವಣೆಯಲ್ಲಿ ಐದು ಪಕ್ಷಗಳು ಒಳಬಂದವು: ಅತಾ-ಜುರ್ತ್ 28, ಸೋಷಿಯಲ್ ಡೆಮಾಕ್ರಟರು 26, ಕುಲೊವ್ ಅವರ ಅರ್-ನಮಿಸ್ 25, ಒಮುರ್‌ಬೆಕ್ ಬಾಬಾನೊವ್ ಅವರ ರೆಸ್‌ಪುಬ್ಲಿಕಾ 23, ತೆಕೆಬಾಯೆವ್ ಅವರ ಅತಾ ಮೆಕೆನ್ 18. ಮೊದಲ ಸ್ಥಾನ ಪಡೆದ ಅತಾ-ಜುರ್ತ್ ಈ ಸಂಸದೀಯ ವ್ಯವಸ್ಥೆಯನ್ನೇ ವಿರೋಧಿಸಿ ಮತ ಕೇಳಿದ ಪಕ್ಷ. ಒತುನ್‌ಬಾಯೆವಾ ಅದನ್ನು ಬಿಟ್ಟು ಎರಡನೇ ಸ್ಥಾನದ ಅತಂಬಾಯೆವ್ ಅವರನ್ನು ಮೊದಲು ಕರೆದರು. ಅವರು 26, 23, 18 ಕೂಡಿಸಿ 67 ಮಾಡಿದರು. ಆ 67 ಗುಪ್ತ ಮತದಾನದಲ್ಲಿ 58 ಆದದ್ದನ್ನು ಆಗಲೇ ನೋಡಿದೆವು. ಎರಡನೇ ಆಹ್ವಾನ ಬಾಬಾನೊವ್ ಅವರಿಗೆ ಹೋಯಿತು. ಅವರು ಅತಾ ಮೆಕೆನ್ ಬಿಟ್ಟು ಅತಾ-ಜುರ್ತ್ ಸೇರಿಸಿದರು: 23, 26, 28, ಒಟ್ಟು 77. ಸ್ಪೀಕರ್ ಸ್ಥಾನ ಅತಾ-ಜುರ್ತ್‌ನ ಅಖ್ಮತ್‌ಬೆಕ್ ಕೆಲ್ದಿಬೆಕೊವ್ ಅವರಿಗೆ, ಪ್ರಧಾನಿ ಪಟ್ಟ ಅತಂಬಾಯೆವ್ ಅವರಿಗೆ, ಮೊದಲ ಉಪ ಪ್ರಧಾನಿ ಸ್ಥಾನ ಬಾಬಾನೊವ್ ಅವರಿಗೆ. ಏಪ್ರಿಲ್‌ನಲ್ಲಿ ಬಕಿಯೆವ್ ಅವರನ್ನು ಓಡಿಸಿದವರೂ ಬಕಿಯೆವ್ ಕಾಲದ ಹಲವು ಅಧಿಕಾರಿಗಳಿಗೆ ಆಶ್ರಯ ಕೊಟ್ಟ ಪಕ್ಷವೂ ಡಿಸೆಂಬರ್‌ನಲ್ಲಿ ಒಂದೇ ಮೇಜಿನ ಸುತ್ತ ಕೂತರು.

ಈ ಸಲ ಪ್ರಧಾನಿಯ ಕೈಗೆ ನಿಜವಾದ ಕೆಲಸ ಸಿಕ್ಕಿತು. ಹಂಗಾಮಿ ಅಧ್ಯಕ್ಷೆ ಒತುನ್‌ಬಾಯೆವಾ ಮುಂದಿನ ಚುನಾವಣೆಗೆ ನಿಲ್ಲುವಂತಿರಲಿಲ್ಲ, ಸರ್ಕಾರದ ಮೇಲೆ ಸವಾರಿ ಮಾಡುವ ಹಂಬಲವೂ ಅವರಿಗೆ ಇರಲಿಲ್ಲ. ಅತಂಬಾಯೆವ್ ಮೊದಲು ಹೋದದ್ದು ಮಾಸ್ಕೋಗೆ. 2010ರ ಏಪ್ರಿಲ್ 1ರಿಂದ ರಷ್ಯಾ ತನ್ನ ಪೆಟ್ರೋಲ್-ಡೀಸೆಲ್ ಮೇಲೆ ರಫ್ತು ಸುಂಕ ಹಾಕಿತ್ತು. ಬಹುಪಾಲು ಇಂಧನ ಅಲ್ಲಿಂದಲೇ ಬರುವ ದೇಶಕ್ಕೆ ಬಿತ್ತನೆಯ ಹೊತ್ತಿನಲ್ಲಿ ಅದು ದೊಡ್ಡ ಪೆಟ್ಟು. ವ್ಲಾದಿಮಿರ್ ಪುಟಿನ್ ಜೊತೆ ಮಾತಾಡಿ 2011ರ ಆರಂಭದಿಂದ ಆ ಸುಂಕ ತೆಗೆಸಿದರು. ಕೆಲವೇ ವಾರಗಳಲ್ಲಿ ತಿಯೆನ್ ಶಾನ್ ಸಾಲಿನ 4,446 ಮೀಟರ್ ಎತ್ತರದ ಶಿಖರವೊಂದಕ್ಕೆ ಪುಟಿನ್ ಹೆಸರಿಡಲಾಯಿತು. ಪರ್ವತಗಳಿಗೆ ಬರವಿಲ್ಲದ ದೇಶಕ್ಕೆ ಇದಕ್ಕಿಂತ ಅಗ್ಗದ ಉಡುಗೊರೆ ಇನ್ನೊಂದಿರಲಿಲ್ಲ. ಅದೇ ವರ್ಷ ಶಿಕ್ಷಕರ ಸಂಬಳವನ್ನೂ ಗಣನೀಯವಾಗಿ ಏರಿಸಲಾಯಿತು; ಹಳ್ಳಿ ಹಳ್ಳಿಯ ಮತಗಟ್ಟೆಗಳಲ್ಲಿ ಕೂರುವವರು ಹೆಚ್ಚಾಗಿ ಶಿಕ್ಷಕರೇ ಎಂಬುದನ್ನು ವಿರೋಧಿಗಳು ನೆನಪಿಸದೆ ಬಿಡಲಿಲ್ಲ.

2011ರ ಸೆಪ್ಟೆಂಬರ್ ಕೊನೆಯಲ್ಲಿ ಅವರು ಅಧ್ಯಕ್ಷೀಯ ಚುನಾವಣೆಗಾಗಿ ಪ್ರಧಾನಿ ಕೆಲಸವನ್ನು ತಾತ್ಕಾಲಿಕವಾಗಿ ಬಾಬಾನೊವ್ ಅವರಿಗೆ ಒಪ್ಪಿಸಿದರು. ಅಕ್ಟೋಬರ್ 30ರಂದು ಶೇ. 60ಕ್ಕೂ ಹೆಚ್ಚು ಮತ ಪಡೆದು ಮೊದಲ ಸುತ್ತಿನಲ್ಲೇ ಗೆದ್ದರು. ಡಿಸೆಂಬರ್ 1ರಂದು ಒತುನ್‌ಬಾಯೆವಾ ಅಧಿಕಾರ ಹಸ್ತಾಂತರಿಸಿದರು. ಅದಕ್ಕೂ ಹಿಂದಿನ ಇಬ್ಬರು ಅಧ್ಯಕ್ಷರೂ ಓಡಿಹೋದವರೇ ಆದ್ದರಿಂದ, ಒಬ್ಬ ಅಧ್ಯಕ್ಷೆ ಹೊಸಬರ ಕೈಕುಲುಕಿ ಹೊರನಡೆದದ್ದು ಆ ದೇಶಕ್ಕೆ ಹೊಸ ದೃಶ್ಯ.

ಆರು ವರ್ಷ, ಆರು ಪ್ರಧಾನಿಗಳು

ಅತಂಬಾಯೆವ್ ಅಧ್ಯಕ್ಷರಾಗಿದ್ದ ಅವಧಿಯಲ್ಲಿ ಪ್ರಧಾನಿಗಳಾದವರು: ಬಾಬಾನೊವ್, ಜಂತೊರೊ ಸತಿಬಾಲ್ದಿಯೆವ್, ಜೂಮಾರ್ತ್ ಒತೊರ್‌ಬಾಯೆವ್, ತೆಮಿರ್ ಸರಿಯೆವ್, ಸೂರೊನ್‌ಬಾಯ್ ಜೀನ್‌ಬೆಕೊವ್, ಸಪಾರ್ ಇಸಾಕೊವ್. ಇವರೆಲ್ಲ ಅಸಮರ್ಥರೇ? ಹಾಗೇನೂ ಅಲ್ಲ. ಯಂತ್ರದ ಒಂದು ಹಲ್ಲು ಹಾಗಿತ್ತು. ಮೈತ್ರಿಯಿಂದ ಒಂದು ಬಣ ಹೊರನಡೆದು ಬಹುಮತ ಹೋದರೆ ಇಡೀ ಸರ್ಕಾರ ರಾಜೀನಾಮೆ ಕೊಡಬೇಕು. 18 ಸದಸ್ಯರ ಪಕ್ಷವೂ ಸರ್ಕಾರವನ್ನು ಕೆಡವಬಲ್ಲದು.

2012ರ ಆಗಸ್ಟ್‌ನಲ್ಲಿ ಅರ್-ನಮಿಸ್ ಮತ್ತು ಅತಾ ಮೆಕೆನ್ ಹೊರಬಂದವು, ಬಾಬಾನೊವ್ ಹೋದರು. ಟರ್ಕಿಯ ಕಂಪನಿಯೊಂದರಿಂದ ದುಬಾರಿ ರೇಸ್ ಕುದುರೆಯನ್ನು ಉಡುಗೊರೆ ಪಡೆದರು ಎಂಬ ಆರೋಪ ಆಗ ಅವರ ಮೇಲಿತ್ತು, ಅವರು ಅಲ್ಲಗಳೆದರು. ಶಾಸಕರ ಕುದುರೆ ವ್ಯಾಪಾರ ನಮಗೂ ಗೊತ್ತು. ಅಲ್ಲಿ ನಿಜವಾದ ಕುದುರೆಯೇ ಸುದ್ದಿಯಾಯಿತು. 2014ರ ಮಾರ್ಚ್‌ನಲ್ಲಿ ಅತಾ ಮೆಕೆನ್ ಮತ್ತೆ ಹೊರನಡೆಯಿತು, ಸತಿಬಾಲ್ದಿಯೆವ್ ಹೋದರು. ಒತೊರ್‌ಬಾಯೆವ್ 2015ರಲ್ಲಿ ಕುಮ್ತೊರ್ ಚಿನ್ನದ ಗಣಿಯ ಮಾತುಕತೆ ಮುರಿದುಬಿದ್ದ ಬಳಿಕ ರಾಜೀನಾಮೆ ಕೊಟ್ಟರು. ಸರಿಯೆವ್ 2016ರಲ್ಲಿ ಇಸಿಕ್-ಕುಲ್ ಸರೋವರದ ದಂಡೆಯ ಬಾಲಿಕ್ಚಿ-ಕೊರುಮ್ದು ರಸ್ತೆಯ ಟೆಂಡರ್ ವಿವಾದದಲ್ಲಿ ಹೋದರು. ಅವರೂ ಆರೋಪ ಒಪ್ಪಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವಿದೆ. ಸಂಸತ್ತಿಗೆ ಬಲ ಕೊಡಲೆಂದು ಬರೆದ ನಿಯಮ ಕೊನೆಗೆ ಬಲ ಕೊಟ್ಟದ್ದು ಅಧ್ಯಕ್ಷರಿಗೆ. ಪ್ರತಿ ಸಲ ಸರ್ಕಾರ ಬಿದ್ದಾಗಲೂ ಹೊಸ ಆಹ್ವಾನ ಅಧ್ಯಕ್ಷ ಭವನದಿಂದಲೇ ಬರಬೇಕು. ಪ್ರಧಾನಿ ಬದಲಾಗುತ್ತಾರೆ, ಆಹ್ವಾನ ಕೊಡುವವರು ಬದಲಾಗುವುದಿಲ್ಲ. ಜೊತೆಗೆ ರಕ್ಷಣೆ ಮತ್ತು ರಾಷ್ಟ್ರೀಯ ಭದ್ರತೆಯ ಮುಖ್ಯಸ್ಥರನ್ನು ನೇಮಿಸುವ ಅಧಿಕಾರ 2010ರ ಸಂವಿಧಾನದಲ್ಲೂ ಅಧ್ಯಕ್ಷರಲ್ಲೇ ಉಳಿದಿತ್ತು. ಭದ್ರತಾ ಸಮಿತಿ ಎಂದರೆ ಸೋವಿಯತ್ ಕೆಜಿಬಿಯ ವಾರಸುದಾರ ಸಂಸ್ಥೆ. ರಾಜಕಾರಣಿಗಳ ಮೇಲಿನ ಭ್ರಷ್ಟಾಚಾರದ ಕಡತಗಳು ತೆರೆಯುವುದೂ ಮುಚ್ಚುವುದೂ ಅಲ್ಲಿ. 2017ರ ಫೆಬ್ರವರಿಯಲ್ಲಿ, ಅಷ್ಟರಲ್ಲಿ ಅತಂಬಾಯೆವ್ ಅವರ ಕಟು ಟೀಕಾಕಾರರಾಗಿದ್ದ ತೆಕೆಬಾಯೆವ್ ಬಂಧನಕ್ಕೊಳಗಾದರು, ಆಗಸ್ಟ್‌ನಲ್ಲಿ ಎಂಟು ವರ್ಷದ ಶಿಕ್ಷೆ ಬಿತ್ತು. ಅಕ್ಟೋಬರ್‌ನ ಅಧ್ಯಕ್ಷೀಯ ಕಣದಿಂದ ಅವರು ಹೊರಬಿದ್ದರು.

ಅಧ್ಯಕ್ಷರಾಗಿ ಅತಂಬಾಯೆವ್ ಮಾಡಿದ ದೊಡ್ಡ ನಿರ್ಧಾರಗಳು ಹೆಚ್ಚಾಗಿ ವಿದೇಶಾಂಗದವು. 2001ರಿಂದ ಮನಾಸ್ ವಿಮಾನ ನಿಲ್ದಾಣದಲ್ಲಿದ್ದ ಅಮೆರಿಕದ ನೆಲೆ 2014ರ ಜೂನ್‌ನಲ್ಲಿ ಮುಚ್ಚಿತು. 2009ರ ಒಪ್ಪಂದದಂತೆ ವರ್ಷಕ್ಕೆ 6 ಕೋಟಿ ಡಾಲರ್ ಬರುತ್ತಿದ್ದ ಬಾಡಿಗೆಯೂ ನಿಂತಿತು. ದೇಶದ ಅನಿಲ ಜಾಲವನ್ನು ರಷ್ಯಾದ ಗಾಜ್‌ಪ್ರೋಮ್‌ಗೆ ಒಂದು ಡಾಲರಿಗೆ, ಸಾಲದ ಹೊರೆಯ ಸಮೇತ, ಒಪ್ಪಿಸಲಾಯಿತು. 2015ರ ಆಗಸ್ಟ್‌ನಲ್ಲಿ ರಷ್ಯಾ ನೇತೃತ್ವದ ಯುರೇಷಿಯನ್ ಆರ್ಥಿಕ ಒಕ್ಕೂಟಕ್ಕೆ ಸೇರ್ಪಡೆ. ಅದೇ ವರ್ಷ ಜುಲೈನಲ್ಲಿ ನರೇಂದ್ರ ಮೋದಿ ಬಿಷ್ಕೆಕ್‌ಗೆ ಹೋಗಿ ಬಂದರು, 2016ರ ಡಿಸೆಂಬರ್‌ನಲ್ಲಿ ಅತಂಬಾಯೆವ್ ದೆಹಲಿಗೆ ಬಂದರು.

ದೆಹಲಿಗೆ ಬರುವ ಒಂದು ವಾರ ಮೊದಲು, ಡಿಸೆಂಬರ್ 11ರಂದು, ಅವರು ಸಂವಿಧಾನ ತಿದ್ದುಪಡಿಗೆ ಜನಮತಗಣನೆ ನಡೆಸಿದ್ದರು. 2010ರಲ್ಲಿ ಸಂವಿಧಾನ ಜಾರಿಗೆ ತಂದಾಗ 2020ರ ಸೆಪ್ಟೆಂಬರ್ ತನಕ ಸಂಸತ್ತು ಅದಕ್ಕೆ ಕೈ ಹಚ್ಚಬಾರದು ಎಂದು ನಿಯಮ ಮಾಡಲಾಗಿತ್ತು. ಚರ್ಚೆ ಕಾವೇರಿದ್ದಾಗಲೇ 2010ರ ಸಂವಿಧಾನದ ಸಹಿ ಮಾಡಿದ ಮೂಲ ಪ್ರತಿ ಎಲ್ಲಿದೆ ಎಂದು ಹುಡುಕಿದರೆ, ಅದು ಸರ್ಕಾರಿ ಕಚೇರಿಗಳಲ್ಲಿ ಸಿಗಲಿಲ್ಲ. ತಿದ್ದುಪಡಿಯ ತಿರುಳು ಇಷ್ಟು: ಸಚಿವರನ್ನು ಬದಲಿಸುವುದರಲ್ಲಿ, ಸ್ಥಳೀಯ ಆಡಳಿತದ ಮುಖ್ಯಸ್ಥರನ್ನು ನೇಮಿಸುವುದರಲ್ಲಿ ಪ್ರಧಾನಿಯ ಕೈ ಬಲವಾಯಿತು, ಮೈತ್ರಿ ಬಿಡಬೇಕಾದರೆ ಆ ಬಣದ ಮೂರನೇ ಎರಡರಷ್ಟು ಸದಸ್ಯರ ಒಪ್ಪಿಗೆ ಬೇಕಾಯಿತು. ಹಿಂದಿನ ಐದು ವರ್ಷದ ಕಾಯಿಲೆಗೆ ಸರಿಯಾದ ಮದ್ದೇ. ಆದರೆ ಮುಖ್ಯ ಬದಲಾವಣೆಗಳು ಜಾರಿಗೆ ಬರುವುದು 2017ರ ಡಿಸೆಂಬರ್‌ನಿಂದ, ಅಂದರೆ ಅತಂಬಾಯೆವ್ ಹುದ್ದೆ ಬಿಟ್ಟ ಮೇಲೆ. ಹೊಸ ಅಧ್ಯಕ್ಷ ಮೆದು ಮನುಷ್ಯ, ಬಲಿಷ್ಠ ಪ್ರಧಾನಿ ತನ್ನವನು, ಅತಿದೊಡ್ಡ ಪಕ್ಷ ತನ್ನದು: ನಿವೃತ್ತಿಯ ಲೆಕ್ಕ ಹೀಗಿತ್ತು ಎಂದು ಟೀಕಾಕಾರರು ಆಗಲೇ ಹೇಳಿದರು. ನಂತರ ನಡೆದದ್ದನ್ನು ನೋಡಿದರೆ ಆ ಓದು ತಪ್ಪು ಎನ್ನಲು ಕಾರಣ ಕಾಣುವುದಿಲ್ಲ.

ಲೆಕ್ಕ ಎಲ್ಲಿ ತಪ್ಪಿತು

2017ರ ಅಕ್ಟೋಬರ್‌ನಲ್ಲಿ ಜೀನ್‌ಬೆಕೊವ್ ಶೇ. 54ರಷ್ಟು ಮತ ಪಡೆದು ಅಧ್ಯಕ್ಷರಾದರು. ಪ್ರಧಾನಿ ಕುರ್ಚಿಯಲ್ಲಿ ಆಗಲೇ ಸಪಾರ್ ಇಸಾಕೊವ್ ಇದ್ದರು, ಅತಂಬಾಯೆವ್ ಅವರ ಕಚೇರಿಯಲ್ಲಿ ಬೆಳೆದವರು. 2018ರ ಮಾರ್ಚ್ 31ರಂದು ಅತಂಬಾಯೆವ್ ಮತ್ತೆ ಪಕ್ಷದ ಮುಖ್ಯಸ್ಥರಾಗಿ ಜೀನ್‌ಬೆಕೊವ್ ಅವರನ್ನು ಬಹಿರಂಗವಾಗಿ ಟೀಕಿಸಿದರು.

ಜೀನ್‌ಬೆಕೊವ್ ಹೆಜ್ಜೆ ಇಟ್ಟ ಕ್ರಮ ನೋಡಿ. ಏಪ್ರಿಲ್ ಮೊದಲ ವಾರದಲ್ಲೇ ಭದ್ರತಾ ಸಮಿತಿಯ ಮುಖ್ಯಸ್ಥರನ್ನು ತೆಗೆದರು. ಪ್ರಾಸಿಕ್ಯೂಟರ್ ಜನರಲ್ ಕೂಡ ಬದಲಾದರು. ಅದಾದ ಮೇಲೆ ಏಪ್ರಿಲ್ 19ರಂದು ಸಂಸತ್ತಿನಲ್ಲಿ ಇಸಾಕೊವ್ ಸರ್ಕಾರದ ಮೇಲೆ ಅವಿಶ್ವಾಸ ಗೊತ್ತುವಳಿ. ಪರವಾಗಿ 101 ಮತ. ಸೋಷಿಯಲ್ ಡೆಮಾಕ್ರಟರ 38 ಸದಸ್ಯರಿದ್ದ 120ರ ಸಭೆಯಲ್ಲಿ 101 ಬರಬೇಕಾದರೆ ಅವರ ಸ್ವಂತ ಸದಸ್ಯರೂ ಕೈ ಎತ್ತಲೇಬೇಕು. ಕಾಗದದ ಮೇಲೆ ಪ್ರಧಾನಿ ಹಿಂದೆಂದಿಗಿಂತ ಬಲಿಷ್ಠನಾಗಿದ್ದ. ಆದರೆ ಸದಸ್ಯರಿಗೆ ಸಂವಿಧಾನಕ್ಕಿಂತ ತಮ್ಮ ಹೆಸರಿನ ಕಡತ ಯಾರ ಮೇಜಿನ ಮೇಲಿದೆ ಎಂಬುದು ಹತ್ತಿರದ ವಿಷಯ. 2007ರಲ್ಲಿ ಆ ಸಮಿತಿ ಕೈಯಲ್ಲಿಲ್ಲದ ಪ್ರಧಾನಿಯಾಗಿ ಎಂಟು ತಿಂಗಳು ಕಳೆದಿದ್ದ ಅತಂಬಾಯೆವ್ ಇದನ್ನು ಮರೆತದ್ದು ವಿಚಿತ್ರ.

ಇಸಾಕೊವ್ ಅವರನ್ನು ಬಂಧಿಸಲು ಕಾರಣವೂ ಸಿದ್ಧವಿತ್ತು. ಬಿಷ್ಕೆಕ್ ನಗರಕ್ಕೆ ವಿದ್ಯುತ್ತು ಮತ್ತು ಬಿಸಿನೀರು ಕೊಡುವ ಉಷ್ಣ ಸ್ಥಾವರವನ್ನು ಚೀನಾದ ಎಕ್ಸಿಮ್ ಬ್ಯಾಂಕಿನ 38.6 ಕೋಟಿ ಡಾಲರ್ ಸಾಲದಲ್ಲಿ ನವೀಕರಿಸಲಾಗಿತ್ತು. 2018ರ ಜನವರಿಯ ಕಡುಚಳಿಯಲ್ಲಿ ಅದು ಕೆಟ್ಟು ನಿಂತು ಮನೆಗಳು ತಣ್ಣಗಾದವು. ಬಿಲ್ಲುಗಳನ್ನು ತೆಗೆದು ನೋಡಿದರೆ ಒಂದು ಇಕ್ಕಳಕ್ಕೆ 320 ಡಾಲರ್ ಎಂದು ಬರೆದಿತ್ತು. ಈ ಪ್ರಕರಣದಲ್ಲಿ ಇಸಾಕೊವ್ ಮತ್ತು ಸತಿಬಾಲ್ದಿಯೆವ್, ಇಬ್ಬರು ಮಾಜಿ ಪ್ರಧಾನಿಗಳಿಗೆ 2019ರ ಡಿಸೆಂಬರ್‌ನಲ್ಲಿ ಶಿಕ್ಷೆಯಾಯಿತು.

ಅತಂಬಾಯೆವ್ ಅವರಿಗೆ ಮಾಜಿ ಅಧ್ಯಕ್ಷರೆಂಬ ರಕ್ಷಣೆ ಇತ್ತು. ಅದನ್ನು ಮೂರು ಹಂತದಲ್ಲಿ ಕಳಚಲಾಯಿತು. 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ವಿಭಾಗ, ಮಾಜಿ ಅಧ್ಯಕ್ಷರಿಗೆ ಸಂಪೂರ್ಣ ರಕ್ಷಣೆ ಸಲ್ಲದು ಎಂದಿತು. 2019ರ ಮೇ ತಿಂಗಳಲ್ಲಿ ಕಾನೂನು ತಿದ್ದುಪಡಿಯಾಯಿತು. ಜೂನ್ 27ರಂದು ಸಂಸತ್ತು ಭಾರೀ ಬಹುಮತದಿಂದ ರಕ್ಷಣೆ ತೆಗೆಯಿತು. ಶಾಂಘೈ ಸಹಕಾರ ಸಂಘಟನೆಯ ಶೃಂಗಸಭೆಗೆ ಮೋದಿ, ಷಿ ಜಿನ್‌ಪಿಂಗ್, ಪುಟಿನ್ ಬಿಷ್ಕೆಕ್‌ಗೆ ಬಂದುಹೋಗಿ ಆಗ ಎರಡು ವಾರವೂ ಆಗಿರಲಿಲ್ಲ.

ವಿಚಾರಣೆಗೆ ಕರೆದರೂ ಅತಂಬಾಯೆವ್ ಹೋಗಲಿಲ್ಲ. ಜುಲೈ 24ರಂದು ಮಾಸ್ಕೋಗೆ ಹಾರಿ ಪುಟಿನ್ ಅವರನ್ನು ಕಂಡು ಬಂದರು. ಆಗಸ್ಟ್ 7ರ ಸಂಜೆ ಬಿಷ್ಕೆಕ್ ಹತ್ತಿರದ ಕೊಯ್-ತಾಶ್ ಹಳ್ಳಿಯ ಅವರ ಮನೆಗೆ ವಿಶೇಷ ಪಡೆ ನುಗ್ಗಿತು. ಬೆಂಬಲಿಗರು ತಿರುಗಿಬಿದ್ದರು, ಕೆಲವು ಯೋಧರನ್ನು ಒತ್ತೆ ಇಟ್ಟುಕೊಂಡರು, ಒಬ್ಬ ಅಧಿಕಾರಿ ಪ್ರಾಣ ಕಳೆದುಕೊಂಡರು. ಮರುದಿನದ ಎರಡನೇ ದಾಳಿಯಲ್ಲಿ ಅತಂಬಾಯೆವ್ ಶರಣಾದರು. 2013ರಲ್ಲಿ ಸುಳ್ಳು ರಕ್ತ ಕ್ಯಾನ್ಸರ್ ವರದಿಯ ಮೇಲೆ ಅಜಿಜ್ ಬತುಕಾಯೆವ್ ಎಂಬ ಅಪರಾಧ ಜಗತ್ತಿನ ಮುಖಂಡನ ಬಿಡುಗಡೆಯಾದ ಪ್ರಕರಣದಲ್ಲಿ ಅವರಿಗೆ 2020ರ ಜೂನ್‌ನಲ್ಲಿ 11 ವರ್ಷ 2 ತಿಂಗಳ ಶಿಕ್ಷೆಯಾಯಿತು. ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿ ಮರುವಿಚಾರಣೆಗೆ ಕಳಿಸಿತು.

ಇದರ ನಡುವೆ ಇನ್ನೊಂದು ದಂಗೆ. 2020ರ ಅಕ್ಟೋಬರ್ 5ರ ರಾತ್ರಿ ಬೀದಿಗಿಳಿದ ಜನ ಜೈಲಿನಿಂದ ಹಲವರನ್ನು ಬಿಡಿಸಿದರು. ಅವರಲ್ಲಿ ಅತಂಬಾಯೆವ್ ಇದ್ದರು, ಸದಿರ್ ಜಪಾರೊವ್ ಎಂಬ ಮಾಜಿ ಸಂಸದರೂ ಇದ್ದರು. ಅತಂಬಾಯೆವ್ ಐದು ದಿನದಲ್ಲಿ ಮತ್ತೆ ಒಳಗೆ. ಜಪಾರೊವ್ ಹತ್ತು ದಿನದಲ್ಲಿ ಮೊದಲು ಪ್ರಧಾನಿ, ಜೀನ್‌ಬೆಕೊವ್ ರಾಜೀನಾಮೆ ಕೊಟ್ಟ ಬಳಿಕ ಹಂಗಾಮಿ ಅಧ್ಯಕ್ಷ. 2021ರ ಜನವರಿಯಲ್ಲಿ ಅವರು ಶೇ. 79ರಷ್ಟು ಮತ ಪಡೆದು ಅಧ್ಯಕ್ಷರಾಗಿ ಆಯ್ಕೆಯಾದರು.

2023ರ ಫೆಬ್ರವರಿಯಲ್ಲಿ ಅನಾರೋಗ್ಯದ ಕಾರಣ ಅತಂಬಾಯೆವ್ ಬಿಡುಗಡೆಯಾಗಿ ಚಿಕಿತ್ಸೆಗೆಂದು ಸ್ಪೇನಿಗೆ ಹೋದರು. ಅದೇ ತಿಂಗಳು ದುಬೈನಲ್ಲಿ ಜಪಾರೊವ್ ಐವರು ಮಾಜಿ ಅಧ್ಯಕ್ಷರನ್ನೂ ಒಂದೆಡೆ ಸೇರಿಸಿದರು: ಅಕಾಯೆವ್, ಬಕಿಯೆವ್, ಒತುನ್‌ಬಾಯೆವಾ, ಅತಂಬಾಯೆವ್, ಜೀನ್‌ಬೆಕೊವ್. ಒಬ್ಬರನ್ನೊಬ್ಬರು ಓಡಿಸಿದವರು, ಬಂಧಿಸಿದವರು, ಒಂದೇ ಕೋಣೆಯಲ್ಲಿ. 2025ರ ಜೂನ್‌ನಲ್ಲಿ ಕೊಯ್-ತಾಶ್ ಮತ್ತಿತರ ಪ್ರಕರಣಗಳಲ್ಲಿ ಅತಂಬಾಯೆವ್ ಅವರಿಗೆ, ಅವರ ಗೈರುಹಾಜರಿಯಲ್ಲೇ, 11 ವರ್ಷ 6 ತಿಂಗಳ ಶಿಕ್ಷೆ ವಿಧಿಸಲಾಯಿತು.

ಅವರು ಎರಡು ಸಲ ಕೂತ ಕುರ್ಚಿ ಈಗ ಇಲ್ಲ. 2021ರ ಮೇ 5ರಂದು ಜಾರಿಗೆ ಬಂದ ಸಂವಿಧಾನದಲ್ಲಿ ಅಧ್ಯಕ್ಷರೇ ಕಾರ್ಯಾಂಗದ ಮುಖ್ಯಸ್ಥರು. ಪ್ರಧಾನಿಯ ಜಾಗದಲ್ಲಿ 'ಸಚಿವ ಸಂಪುಟದ ಅಧ್ಯಕ್ಷ' ಎಂಬ ಹುದ್ದೆ ಬಂದಿದೆ. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್ ತನಕ ಆ ಹುದ್ದೆಯಲ್ಲಿದ್ದ ಅಕಿಲ್‌ಬೆಕ್ ಜಪಾರೊವ್ ಅಧ್ಯಕ್ಷರ ಕಚೇರಿಯ ಮುಖ್ಯಸ್ಥರೂ ಆಗಿದ್ದರು. ಸಂಸತ್ತು 90 ಸ್ಥಾನಕ್ಕೆ ಇಳಿದಿದೆ. 2025ರ ನವೆಂಬರ್ 30ರ ಚುನಾವಣೆ ನಡೆದದ್ದು ಪಕ್ಷಗಳ ಪಟ್ಟಿಯಿಲ್ಲದೆ, ತಲಾ ಮೂರು ಸ್ಥಾನಗಳ 30 ಕ್ಷೇತ್ರಗಳಲ್ಲಿ. 26, 23, 28 ಎಂದು ಕೂಡಿಸಿ 61 ದಾಟುವ ಲೆಕ್ಕ ಅಲ್ಲಿ ಈಗ ಯಾರಿಗೂ ಬೇಕಿಲ್ಲ.